ಮೂರು ಅಂಗಿ ತಂದೆ, ನಾಲ್ಕು ತಿಂಗಳು ಒಗೆದೆ: ಹುಬ್ಬಳ್ಳಿಯ ಹೊಲಿಗೆಯವಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಮೂರನೆಯವರು ಬರೆದ ರಿವ್ಯೂ ಅಲ್ಲ. ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಏಳು ಮಷೀನಿನ ಹೊಲಿಗೆ ಯೂನಿಟ್ ಇದೆ. ಶಾಲೆ ಯೂನಿಫಾರಂ ನಮ್ಮ ಮುಖ್ಯ ಕೆಲಸ. ಆ ಸೀಸನ್ ಮುಗಿದ ಮೇಲೆ ಗಂಡಸರ ಅಂಗಿ. ಇಲ್ಲಿ ಬರುವ ಮೂರು ಅಂಗಿಗಳಲ್ಲಿ ಒಂದು ನಮ್ಮಲ್ಲೇ ಹೊಲಿದದ್ದು. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡೇ ಓದಿ.

ಶುರುವಾದದ್ದು ಹೀಗೆ. ಜವಳಿ ಸಾಲಿನಲ್ಲಿ ಒಬ್ಬರು ಅಂಗಡಿಯವರು ಹನ್ನೊಂದು ವರ್ಷದಿಂದ ನಮ್ಮ ಮಾಲು ತಗೊಳ್ಳುತ್ತಾರೆ. ಒಳ್ಳೆಯ ಮನುಷ್ಯ, ಉದ್ರಿ ಸ್ವಲ್ಪ ಜಾಸ್ತಿ ಅಷ್ಟೇ. ಸಂಕ್ರಾಂತಿ ಮುಗಿದ ವಾರ ಹೋದರೆ, ಕೂತ್ಕೊಳ್ರಿ ಅಂತ ಚಹಾ ತರಿಸಿದರು. ಚಹಾ ತರಿಸಿದಾಗಲೇ ನನಗೆ ಅನುಮಾನ ಬಂತು. "ಅಕ್ಕಾರ, ಈ ಸಲ ಅಂಗಿ ಬ್ಯಾಡ್ರಿ, ಯೂನಿಫಾರಂ ಅಷ್ಟ ಕೊಡ್ರಿ" ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಕೌಂಟರಿನ ಕೆಳಗಿಂದ ಒಂದು ಅಂಗಿ ತೆಗೆದು ನನ್ನ ಮುಂದೆ ಹಾಕಿದರು. "ಹೊಲಿಗಿ ನೋಡ್ರಿ ಮೊದ್ಲ. ಆಮ್ಯಾಲ ರೇಟ್ ಕೇಳ್ರಿ."

ನಮ್ಮ ಕಸುಬಿನವರು ಅಂಗಿ ಕೈಗೆ ಬಂದ ಕೂಡಲೇ ಒಳಗಿನದು ಹೊರಗೆ ಮಾಡುತ್ತೇವೆ. ನಾನೂ ಹಾಗೇ ಮಾಡಿದೆ. ಕಾಲರಿನ ಕೆಳಗೆ ಸಣ್ಣ ಪಟ್ಟಿಯಲ್ಲಿ ಬರೆದಿತ್ತು, ಮೇಡ್ ಇನ್ ಬಾಂಗ್ಲಾದೇಶ್. ನಿಜ ಹೇಳುತ್ತೇನೆ, ಸಿಟ್ಟು ಬರುವ ಮೊದಲು ಮೆಚ್ಚುಗೆ ಬಂತು.

ಮನೆಗೆ ಬಂದು ರಾತ್ರಿಯೆಲ್ಲ ಅದೇ ಯೋಚನೆ. ಕೊನೆಗೆ ಮೂರು ಅಂಗಿ ತಂದು ನೋಡಿಯೇ ಬಿಡೋಣ ಅಂದುಕೊಂಡೆ. ಮೂರೂ ತಿಳಿ ನೀಲಿ, ಮೂರೂ 40ರ ಸೈಜು. ಹಾಕಿಕೊಳ್ಳಲು ನನ್ನ ತಮ್ಮ. ಅವನು ಮೆಡಿಕಲ್ ರೆಪ್, ಬೆಳಿಗ್ಗೆಯಿಂದ ಸಂಜೆತನಕ ಬೈಕಿನ ಮೇಲೆ ಹುಬ್ಬಳ್ಳಿ, ಧಾರವಾಡ, ಗದಗ ಅಂತ ಸುತ್ತುತ್ತಾನೆ. ನಮ್ಮೂರಿನ ಧೂಳು, ಏಪ್ರಿಲ್ ಬಿಸಿಲು, ಹೆಗಲಿಗೆ ನೇತಾಡುವ ಬ್ಯಾಗು. ಅಂಗಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾ? ಫೆಬ್ರವರಿಯಿಂದ ಮೇ ತನಕ ಒಂದೊಂದು ಅಂಗಿ ವಾರಕ್ಕೆ ಎರಡು ದಿನ. ಒಗೆದದ್ದು ನಮ್ಮ ಬೋರಿನ ಗಡಸು ನೀರಿನಲ್ಲಿ.

ಮೊದಲನೆಯದು, ಬಾಂಗ್ಲಾ ಅಂಗಿ. ಗೋಕುಲ ರೋಡಿನ ಒಂದು ದೊಡ್ಡ ಅಂಗಡಿಯಲ್ಲಿ ತಗೊಂಡೆ. ಹೆಸರು ಹೇಳುವುದಿಲ್ಲ, ಅಲ್ಲಿ ಅಂಥ ಅಂಗಡಿ ನಾಲ್ಕೈದು ಇವೆ, ಎಲ್ಲವೂ ಒಂದೇ ಥರ. ಮೇಲೆ 999 ಅಂತ ಬರೆದು 599ಕ್ಕೆ ಕೊಡುತ್ತಾರೆ. ಎಸಿ ಚೆನ್ನಾಗಿದೆ, ಟ್ರಯಲ್ ರೂಮಿನಲ್ಲಿ ಕನ್ನಡಿ ದೊಡ್ಡದು, ಹದಿನೈದು ದಿನದೊಳಗೆ ವಾಪಸ್ ಕೊಡಬಹುದು. ನಮ್ಮ ಜವಳಿ ಸಾಲಿನಲ್ಲಿ ವಾಪಸ್ ಅಂದರೆ ಮುಖ ಗಂಟಿಕ್ಕುತ್ತಾರೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಅಲ್ಲಿನ ಹುಡುಗರಿಗೆ ಬಟ್ಟೆ ಬಗ್ಗೆ ಏನೂ ಗೊತ್ತಿಲ್ಲ. ಇದು ಪೂರ್ತಿ ಕಾಟನ್ನಾ ಅಂತ ಕೇಳಿದರೆ "ಟ್ಯಾಗ್ ನೋಡ್ರಿ ಮೇಡಂ" ಅಂದ ಹುಡುಗ, ಫೋನಿನಿಂದ ತಲೆ ಎತ್ತದೆ. ತೋಳು ಉದ್ದ ಆದರೆ ಮಾಡಿಕೊಡುತ್ತೀರಾ ಅಂದರೆ ಆ ಸೌಲಭ್ಯ ಇಲ್ಲವಂತೆ. ಬ್ಯಾಗಿಗೆ ಬೇರೆ 10 ರೂಪಾಯಿ. ನಾನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ, ತಮ್ಮನಿಗೆ ನಾಚಿಕೆಯಾಯಿತಂತೆ.

ಹೊಲಿಗೆ ಬಗ್ಗೆ ಹೇಳಲೇಬೇಕು. ಇಂಚಿಗೆ 14 ಹೊಲಿಗೆ ಎಣಿಸಿದೆ. ನಮ್ಮದು 11, ಹೆಚ್ಚೆಂದರೆ 12. ಪಕ್ಕದ ಹೊಲಿಗೆ ಡಬಲ್ ಚೈನ್, ಬಟ್ಟೆಯ ಅಂಚು ಒಳಗೇ ಮಡಚಿ ಹೋಗಿದೆ, ಒಂದು ನೂಲೂ ಹೊರಗೆ ಕಾಣುವುದಿಲ್ಲ. ಅದಕ್ಕೆ ಬೇರೆಯದೇ ಮಷೀನ್ ಬೇಕು, ನನ್ನ ಹತ್ತಿರ ಇಲ್ಲ. ಕಾಲರಿನ ಎರಡೂ ತುದಿ ಒಂದೇ ಅಳತೆ. ಇದು ಸುಮ್ನೆ ಬರುವುದಿಲ್ಲ. ಅಲ್ಲಿನ ಫ್ಯಾಕ್ಟರಿಯಲ್ಲಿ ಒಬ್ಬಳು ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಳು ಕಫ್ ಮಾತ್ರ. ನಮ್ಮಲ್ಲಿ ಬೆಳಿಗ್ಗೆ ಕಾಲರ್ ಹೊಲಿದವಳೇ ಮಧ್ಯಾಹ್ನ ತೋಳು ಜೋಡಿಸುತ್ತಾಳೆ, ಸಂಜೆ ಕಾಜಾ ಮಾಡುತ್ತಾಳೆ, ನಡುವೆ ಮಗು ಅತ್ತರೆ ಮನೆಗೂ ಹೋಗಿ ಬರುತ್ತಾಳೆ. ಮೂವತ್ತಕ್ಕೂ ಹೆಚ್ಚು ಸಲ ಒಗೆದ ಮೇಲೂ ಕಾಲರ್ ಹಾಗೇ ನಿಂತಿದೆ. ಬಣ್ಣ ಸ್ವಲ್ಪ ತೆಳುವಾಗಿದೆ. ಒಂದೇ ದೂರು, ತಮ್ಮನಿಗೆ ತೋಳು ಒಂದು ಇಂಚು ಉದ್ದ. ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಡುವಾಗ ಕೈ ನಡುಗಿತು, ಆದರೂ ಕೊಡುತ್ತೇನೆ.

ಎರಡನೆಯದಕ್ಕೆ ಜಾಸ್ತಿ ಮಾತು ಬೇಡ. ದುರ್ಗದಬೈಲಿನ ಹತ್ತಿರದ ಒಂದು ಗಲ್ಲಿ, 450 ಅಂದರು, ಚೌಕಾಸಿ ಮಾಡಿ 340ಕ್ಕೆ ತಂದೆ. ಬಟ್ಟೆ ಸೂರತ್ತಿನದು, ಹೊಲಿಗೆ ಎಲ್ಲೋ ಮುಂಬೈ ಕಡೆಯದು ಅಂತ ಅಂಗಡಿಯವ ಹೇಳಿದ. ಸೈಜು ಬಿಟ್ಟರೆ ಯಾವ ಪಟ್ಟಿಯೂ ಇಲ್ಲ. ಬಿಲ್ ಕೇಳಿದ್ದಕ್ಕೆ ನನ್ನನ್ನೇ ಅಧಿಕಾರಿ ಥರ ನೋಡಿದ. ಮೂರನೇ ಒಗೆತಕ್ಕೆ ಕಾಜಾದ (ಗುಂಡಿ ಹಾಕುವ ತೂತಿನ) ಹೊಲಿಗೆ ಬಿಚ್ಚಿತು. ಆರನೇ ವಾರಕ್ಕೆ ಕಂಕುಳ ಹೊಲಿಗೆ ಹೋಯಿತು. ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರ್ ಇರಬೇಕು, ಬೆವರು ಹೀರುವುದೇ ಇಲ್ಲ. ಒಳ್ಳೆಯ ಗುಣ ಅಂದರೆ ಇಸ್ತ್ರಿ ಬೇಕಾಗಿಲ್ಲ, ಒಣಗುವುದು ಬೇಗ. ಒಂದೂವರೆ. ಆದರೆ ನಾನು ನಿಂತಿದ್ದ ಅರ್ಧ ತಾಸಿನಲ್ಲಿ ಆ ಗಲ್ಲಿಯಲ್ಲಿ ಹೋದಷ್ಟು ಅಂಗಿ ನಮ್ಮಲ್ಲಿ ಒಂದು ವಾರಕ್ಕೂ ಹೋಗುವುದಿಲ್ಲ.

ಮೂರನೆಯದು ನಮ್ಮದು. ಮಹಾರಾಷ್ಟ್ರದ ಇಚಲಕರಂಜಿಯ ಕಾಟನ್, ನಮ್ಮ ಯೂನಿಟ್ಟಿನಲ್ಲೇ ನೇರವಾಗಿ ಹೊಲಿಸಿದರೆ 550 ರೂಪಾಯಿ. ಬಟ್ಟೆ ಮೂರರಲ್ಲೂ ಚೆನ್ನಾಗಿರುವುದು ಇದೇ. ಇದು ನನ್ನ ಮಾತಲ್ಲ, ತಮ್ಮನ ಮಾತು. ಬಿಸಿಲಿನ ದಿನ ಅವನು ಹುಡುಕುತ್ತಿದ್ದದ್ದು ಇದನ್ನೇ. ತೋಳು ಸರಿಯಾಗಿದೆ, ಹೆಗಲು ಸರಿಯಾಗಿದೆ, ಯಾಕೆಂದರೆ ಅಳತೆ ಅವನದೇ. ಆದರೆ ಎರಡು ತಿಂಗಳಿಗೆ ಕಾಲರ್ ಗುಳ್ಳೆ ಎದ್ದಿತು. ಕಾಲರಿನೊಳಗಿನ ಕ್ಯಾನ್ವಾಸನ್ನು ನಾವು ಕೈ ಇಸ್ತ್ರಿಯಲ್ಲಿ ಅಂಟಿಸುತ್ತೇವೆ, ಅವರು ಫ್ಯೂಸಿಂಗ್ ಮಷೀನಿನಲ್ಲಿ ಒತ್ತುತ್ತಾರೆ. ಅಷ್ಟೇ ವ್ಯತ್ಯಾಸ, ಆದರೆ ಗಿರಾಕಿ ಮೊದಲು ನೋಡುವುದು ಕಾಲರನ್ನೇ ಅಲ್ವಾ. ಮೂರೂವರೆ.

ಈಗ ದುಡ್ಡಿನ ಮಾತು. ನಮ್ಮ ಒಂದು ಅಂಗಿಗೆ 1.6 ಮೀಟರ್ ಬಟ್ಟೆ, ಮೀಟರಿಗೆ 140ರಂತೆ 224 ರೂಪಾಯಿ. ಗುಂಡಿ, ನೂಲು, ಕ್ಯಾನ್ವಾಸ್, ಪಟ್ಟಿ, ಡಬ್ಬಿ ಸೇರಿ 35. ಹೊಲಿಗೆ ಕೂಲಿ 90. ಕಟಿಂಗ್, ಇಸ್ತ್ರಿ 25. ಬಾಡಿಗೆ, ಕರೆಂಟಿಗೆ 20. ಅಲ್ಲಿಗೆ 394. ಅಂಗಡಿಗೆ 450ಕ್ಕೆ ಕೊಡುತ್ತೇನೆ. ಅಂಗಡಿಯವರು ತಮ್ಮದು ಸೇರಿಸಿ 700 ಆದರೂ ಹೇಳಬೇಕು. ಎದುರಿಗೆ ಎಸಿ ಅಂಗಡಿಯ 599. ಆ 599ರಲ್ಲಿ ಹಡಗಿನ ಬಾಡಿಗೆ ಇದೆ, ಆಮದು ಮಾಡಿದವನ ಲಾಭ ಇದೆ, ಎಸಿ ಇದೆ, ದೊಡ್ಡ ಕನ್ನಡಿಯೂ ಇದೆ. ಹೇಗೆ ಸಾಧ್ಯ ಅಂತ ನಾನು ತಲೆ ಕೆಡಿಸಿಕೊಂಡು ಕೂತಿದ್ದೆ. ನಮ್ಮ ಲೆಕ್ಕ ಬರೆಯುವವರ ಹತ್ತಿರ ಕೇಳಿ, ನಾನೂ ಅಷ್ಟಿಷ್ಟು ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ನಡುವೆ ಸಾಫ್ಟಾ ಅಂತ ಒಂದು ವ್ಯಾಪಾರ ಒಪ್ಪಂದ ಇದೆ. 2004ರಲ್ಲಿ ಸಹಿಯಾಗಿ 2006ರಿಂದ ಜಾರಿಗೆ ಬಂತು. 2011ರಲ್ಲಿ ನಮ್ಮ ಸರ್ಕಾರ ಬಾಂಗ್ಲಾದೇಶದಂಥ ಹಿಂದುಳಿದ ದೇಶಗಳಿಗೆ ಬಾಗಿಲನ್ನು ಇನ್ನೂ ದೊಡ್ಡದಾಗಿ ತೆಗೆಯಿತು. ಸುಂಕ ಬಿಡುವುದಿಲ್ಲ ಅಂತ ಹಿಡಿದಿಟ್ಟಿದ್ದ ಪಟ್ಟಿಯಲ್ಲಿ 480 ಐಟಂ ಇದ್ದವು, ಅದು 25ಕ್ಕೆ ಇಳಿಯಿತು. ಉಳಿದ 25 ಹೆಂಡ, ತಂಬಾಕಿನವು. ಅಂದರೆ ಸಿದ್ಧ ಉಡುಪು ಪೂರ್ತಿ ಸುಂಕವಿಲ್ಲದೆ ಒಳಗೆ. 2018ರಲ್ಲಿ ಸರ್ಕಾರ ಬಹಳಷ್ಟು ಬಟ್ಟೆ, ಉಡುಪಿನ ಮೇಲಿನ ಸುಂಕವನ್ನು ಶೇ. 20ಕ್ಕೆ ಏರಿಸಿತು. ಅದು ಚೀನಾದಂಥ ಬೇರೆ ದೇಶಗಳಿಗೆ. ಢಾಕಾದ ಅಂಗಿಗೆ ಸೊನ್ನೆಯೇ.

ಇದರಲ್ಲಿ ನನಗೆ ಹೊಟ್ಟೆ ಉರಿದದ್ದು ಇನ್ನೊಂದು ವಿಷಯಕ್ಕೆ. ಅಂಗಿ ಬಾಂಗ್ಲಾದ್ದು ಅಂತ ಅನ್ನಿಸಿಕೊಳ್ಳಲು ಬಟ್ಟೆ ಕೂಡ ಅಲ್ಲಿಯದೇ ಆಗಬೇಕಿಲ್ಲ. ಬಟ್ಟೆ ಹೋಗಿ ಅಂಗಿ ಆಗಿದ್ದರೆ, ಅದರ ಬೆಲೆಯಲ್ಲಿ ಶೇ. 30ರಷ್ಟು ಅಲ್ಲೇ ಸೇರಿದ್ದರೆ ಸಾಕು. ಅಂದರೆ ಚೀನಾದ ಬಟ್ಟೆಯನ್ನು ನಾನು ಹುಬ್ಬಳ್ಳಿಗೆ ತರಿಸಿದರೆ ಸುಂಕ ಕಟ್ಟಬೇಕು. ಅದೇ ಬಟ್ಟೆ ಢಾಕಾದಲ್ಲಿ ಅಂಗಿಯಾಗಿ ಬಂದರೆ ಸುಂಕ ಇಲ್ಲ. ಹಿಟ್ಟಿಗೆ ಸುಂಕ, ರೊಟ್ಟಿಗೆ ಮಾಫಿ.

ಹಾಗಂತ ಬಾಗಿಲು ಮುಚ್ಚಿಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಮೊದಲು ಹೇಳುತ್ತಿದ್ದೆ. 2025ರ ಮೇ 17ಕ್ಕೆ ಆದೇಶ ಬಂತು, ಬಾಂಗ್ಲಾದ ಸಿದ್ಧ ಉಡುಪು ಇನ್ನು ರಸ್ತೆ ಗಡಿಯಿಂದ ಬರುವ ಹಾಗಿಲ್ಲ, ಮುಂಬೈ ಹತ್ತಿರದ ನವಾ ಶೇವಾ ಮತ್ತು ಕೋಲ್ಕತ್ತಾ ಬಂದರಿನಿಂದ ಮಾತ್ರ ಅಂತ. ಆ ದಿನ ನಾನು ಯೂನಿಟ್ಟಿನಲ್ಲಿ ಎಲ್ಲರಿಗೂ ಗಿರ್ಮಿಟ್ ತರಿಸಿದ್ದೆ. ಸಂಜೆ ನವಲಗುಂದದಿಂದ ಸೋದರಮಾವ ಬಂದಿದ್ದರು. ಮಾವನದು ಕರಿ ಭೂಮಿ, ಹತ್ತಿ ಬೆಳೆಯುತ್ತಾರೆ. ಒಂದು ಕಾಲಕ್ಕೆ ಧಾರವಾಡದ ಸಂಶೋಧನಾ ಕೇಂದ್ರದಲ್ಲೇ ಹುಟ್ಟಿದ ಡಿಸಿಎಚ್-32 ಹತ್ತಿ ತಳಿ, ಅವರ ಬಾಯಲ್ಲಿ ಜಯಲಕ್ಷ್ಮಿ, ಅವರ ಹೊಲದಲ್ಲೂ ಇತ್ತು. ನನ್ನ ಖುಷಿ ನೋಡಿ ಅವರು ಗಿರ್ಮಿಟ್ ತಟ್ಟೆ ಕೆಳಗಿಟ್ಟರು.

"ನಿಂದೇನವಾ, ಬಾಗ್ಲಾ ಮುಚ್ಚಿದ್ರ ಛಲೋ ಅಂತಿ. ನನ್ನ ಹತ್ತಿ ಎಲ್ಲಿ ಹೋಗ್ಬೇಕು?"

ನಾನು ನಕ್ಕೆ. ಅವರು ನಗಲಿಲ್ಲ. ನಮ್ಮ ದೇಶದ ಹತ್ತಿ ನೂಲನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಯಾರು? ಅದೇ ಬಾಂಗ್ಲಾದೇಶದವರು. ಆ ಆದೇಶಕ್ಕಿಂತ ಒಂದು ತಿಂಗಳು ಮೊದಲು, ಏಪ್ರಿಲಿನಲ್ಲಿ, ಭಾರತದ ನೂಲು ರಸ್ತೆ ಗಡಿಯಿಂದ ಬರಬಾರದು ಅಂತ ಅವರೂ ತಡೆದಿದ್ದರು. ನೂಲು ನಿಂತರೆ ಹತ್ತಿ ರೇಟು ಬೀಳುತ್ತದೆ ಅಂತ ಮಾವನಿಗೆ ಆಗಿನಿಂದಲೇ ಚಿಂತೆ. ಅದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ, ನಾನು ಅಂಗಿಯ ಸುದ್ದಿ ಮಾತ್ರ ಓದುತ್ತಿದ್ದೆ. ಮೂರು ತಿಂಗಳಾದ ಮೇಲೆ ಆಗಸ್ಟಿನಲ್ಲಿ ಹೊರಗಿನ ಹತ್ತಿಗೆ ಇದ್ದ ಶೇ. 11ರ ಸುಂಕವನ್ನು ವರ್ಷದ ಕೊನೆತನಕ ತೆಗೆದರು. ಬಟ್ಟೆ ಅಗ್ಗ ಆಗಬಹುದು ಅಂತ ನನಗೆ ಒಳಗೊಳಗೇ ಆಸೆ. ಮಾವ ಎರಡು ವಾರ ಫೋನೇ ಮಾಡಲಿಲ್ಲ. ಒಂದೇ ಮನೆತನ, ಅವರಿಗೆ ಬೇಕಾದ ಬಾಗಿಲು ನನಗೆ ಬೇಡ, ನನಗೆ ಬೇಕಾದದ್ದು ಅವರಿಗೆ ಬೇಡ. ಗೋಕುಲ ರೋಡಿನಲ್ಲಿ ತಂದ ಆ ಅಂಗಿಯಲ್ಲಿ ಮಾವನ ಹೊಲದ ಹತ್ತಿಯೇ ಇದ್ದರೂ ಇರಬಹುದು.

ಸೂರತ್ ಅಂಗಿಯ ಕಥೆ ಬೇರೆ. ಅದು ದೇಶದೊಳಗಿನ ಬಾಗಿಲು. 2017ರ ಜುಲೈಗೆ ಮೊದಲು ಬೇರೆ ರಾಜ್ಯದಿಂದ ಬಟ್ಟೆ ತರಿಸಬೇಕೆಂದರೆ ಶೇ. 2 ಸಿಎಸ್‌ಟಿ (ಕೇಂದ್ರದ ಮಾರಾಟ ತೆರಿಗೆ), ಅದಕ್ಕೆ ಕೊಂಡವರು ಮಾರಿದವರಿಗೆ ಕೊಡಬೇಕಾದ ಒಂದು ಸಿ ಫಾರ್ಮ್, ಮೇಲೆ ಮಾಲು ಸಾಗಿಸಲು ಇ-ಸುಗಮ ನಂಬರ್. ಸಿ ಫಾರ್ಮ್ ಅನ್ನುವುದನ್ನು ಈಗಿನವರು ನೋಡಿರಲಿಕ್ಕಿಲ್ಲ. ಇಚಲಕರಂಜಿಯ ಸೇಠ್ ಅದಕ್ಕಾಗಿ ಆರಾರು ತಿಂಗಳು ಫೋನ್ ಮಾಡುತ್ತಿದ್ದ. ಬಟ್ಟೆ ದುಡ್ಡಿಗೂ ಅಷ್ಟು ಫೋನ್ ಮಾಡಿದವನಲ್ಲ. "ಲಾರಿ ಕೊಗನೊಳ್ಳಿ ಹತ್ರ ನಿಂತೈತ್ರಿ" ಅನ್ನುವುದು ಟ್ರಾನ್ಸ್‌ಪೋರ್ಟಿನವರ ಕಾಯಂ ಮಾತು, ಅಲ್ಲಿ ಮಹಾರಾಷ್ಟ್ರ ಗಡಿಯ ಚೆಕ್‌ಪೋಸ್ಟ್ ಇತ್ತು. ಜಿಎಸ್‌ಟಿ ಬಂದ ಮೇಲೆ ಆ ತಲೆನೋವು ಹೋಯಿತು. ಸಂಜೆ ಫೋನಿನಲ್ಲಿ ಹೇಳಿದರೆ ಮರುದಿನ ಮಧ್ಯಾಹ್ನ ಬಟ್ಟೆಯ ಥಾನು ಬಾಗಿಲಿಗೆ ಬರುತ್ತದೆ. ನಾನು ಗೋದಾಮಿನ ಬಾಡಿಗೆಯನ್ನೇ ಬಿಟ್ಟೆ. ಇದು ದೊಡ್ಡ ಉಪಕಾರ, ಅದನ್ನು ಹೇಳದೆ ಬರೀ ಬೈದರೆ ತಪ್ಪಾಗುತ್ತದೆ.

ಆದರೆ ನನ್ನ ಥಾನು ಬೇಗ ಬರುವ ದಾರಿಯಲ್ಲೇ ಅವರ ಅಂಗಿಯೂ ಬೇಗ ಬರುತ್ತದೆ. ನನ್ನ ಅಂಗಿ ಅದೇ ದಾರಿಯಲ್ಲಿ ಹೊರಗೆ ಹೋಯಿತಾ? ಇಲ್ಲ. ಯಾಕೆ ಅಂತ ಹೇಳುತ್ತೇನೆ ಕೇಳಿ. ನಾನು ಮೊದಲು ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮಿನಲ್ಲಿದ್ದೆ. ಸಣ್ಣವರಿಗೆ ಸುಲಭ ಆಗಲಿ ಅಂತ ಮಾಡಿದ್ದು, ನಮ್ಮಂಥವರು ವಹಿವಾಟಿನ ಮೇಲೆ ಶೇ. 1 ಕಟ್ಟಿದರೆ ಮುಗಿಯಿತು. ಕೊಲ್ಹಾಪುರದ ಒಬ್ಬರು ಮದುವೆಗೆ ಬಂದಾಗ ನಮ್ಮ ಅಂಗಿ ನೋಡಿ 60 ಪೀಸ್ ಕೇಳಿದರು. ಇಲ್ಲಿಂದ ನಾಲ್ಕು ತಾಸಿನ ದಾರಿ. ಲೆಕ್ಕದವರನ್ನು ಕೇಳಿದರೆ ಆಗುವುದಿಲ್ಲ ಅಂದರು. ಕಾಂಪೋಸಿಷನ್ನಿನಲ್ಲಿದ್ದವರು ರಾಜ್ಯದ ಗಡಿ ದಾಟಿ ಮಾಲು ಮಾರುವ ಹಾಗಿಲ್ಲ. ಜಿಎಸ್‌ಟಿ ನೋಂದಣಿಯೇ ಇಲ್ಲದವರಿಗೂ ಅದೇ ಕಥೆ. 40 ಲಕ್ಷದೊಳಗೆ ವಹಿವಾಟಿದ್ದರೆ ನೋಂದಣಿ ಬೇಡ ಅನ್ನುತ್ತಾರೆ, ಗಡಿ ದಾಟಿಸುವುದಾದರೆ ಬೇಕೇ ಬೇಕು. ಅಂದರೆ ಸೂರತ್ತಿನ ಮಾಲು ಹುಬ್ಬಳ್ಳಿಗೆ ಬರಬಹುದು, ನನ್ನ 60 ಅಂಗಿ ಕೊಲ್ಹಾಪುರಕ್ಕೆ ಹೋಗಬಾರದು. ಕಾಂಪೋಸಿಷನ್ ಬಿಟ್ಟು ರೆಗ್ಯುಲರ್ ಜಿಎಸ್‌ಟಿ ಮಾಡಿಸಿಕೊಂಡೆ. ಲೆಕ್ಕದವರಿಗೆ ತಿಂಗಳಿಗೆ 2,000. ಅಷ್ಟರಲ್ಲಿ ಕೊಲ್ಹಾಪುರದವರು ಬೇರೆ ಕಡೆ ತಗೊಂಡಿದ್ದರು.

(ಇಲ್ಲೊಂದು ತಮಾಷೆ. 2025ರ ಏಪ್ರಿಲಿನಿಂದ ಹೊಸ ಲೆಕ್ಕ ಬಂದಿದೆ. ಯಂತ್ರಗಳ ಮೇಲಿನ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ಅದು ಸೂಕ್ಷ್ಮ ಉದ್ಯಮ. ಅಂದರೆ ಒಂಬತ್ತು ಕೋಟಿ ವಹಿವಾಟು ಮಾಡುವವನೂ ಸೂಕ್ಷ್ಮ, ಏಳು ಮಷೀನಿನ ನಾನೂ ಸೂಕ್ಷ್ಮ. ಕಾಗದದ ಮೇಲೆ ಇಬ್ಬರೂ ಅಕ್ಕಪಕ್ಕದ ಮನೆಯವರು.)

ಹೊರದೇಶಕ್ಕೂ ಒಂದು ಕೈ ನೋಡಿದೆ. ನಮ್ಮ ಓಣಿಯ ಹುಡುಗ ಶಾರ್ಜಾದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಅವರ ಸಿಬ್ಬಂದಿಗೆ 100 ಅಂಗಿ ಬೇಕಿತ್ತು. ಅವನೇ ಮಾತಾಡಿ ಒಪ್ಪಿಸಿದ. ಯುಎಇ ಜೊತೆ ಭಾರತದ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ, ಅಲ್ಲಿ ಉಡುಪಿಗೆ ಇದ್ದ ಶೇ. 5 ಸುಂಕ ನಮಗೆ ಇಲ್ಲ. ಇದು ಗೊತ್ತಾದಾಗ ನನಗೆ ಎಲ್ಲಿಲ್ಲದ ಉಮೇದು. ಆಮದು, ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್ ಮಾಡಿಸಿದೆ, ಅದಕ್ಕೆ 500 ರೂಪಾಯಿ ಅಷ್ಟೇ, ಮನೆಯಲ್ಲೇ ಕೂತು ಆಗುತ್ತದೆ. ಆ ಸೇವೆಗೆ ಐದಕ್ಕೆ ಐದು. ಆಮೇಲೆ ಸುಂಕ ಮಾಫಿಗೆ ಮೂಲದ ಸರ್ಟಿಫಿಕೇಟ್ ಬೇಕು, ಈ ಅಂಗಿ ಭಾರತದಲ್ಲೇ ಆದದ್ದು ಅಂತ. ಅದಕ್ಕೆ ಒಬ್ಬ ಏಜೆಂಟನ್ನು ಹಿಡಿದೆ. ಅವನಿಗೆ ಐದಕ್ಕೆ ಒಂದು ಕೊಡುವುದೂ ಜಾಸ್ತಿ. ಮೂರು ಸಲ ಕಾಗದ ವಾಪಸ್ ಬಂತು, ಒಮ್ಮೆ ಎಚ್‌ಎಸ್ ಕೋಡ್ (ಮಾಲು ಯಾವ ಬಗೆಯದು ಅನ್ನುವ ನಂಬರ್) ತಪ್ಪು, ಒಮ್ಮೆ ಬಟ್ಟೆಯ ಬಿಲ್ ಇಲ್ಲ, ಒಮ್ಮೆ ಅವನೇ ಊರಲ್ಲಿಲ್ಲ.

ಲೆಕ್ಕ ಹಾಕಿ. 100 ಅಂಗಿ, 450ರಂತೆ 45,000 ರೂಪಾಯಿ. ಅದರ ಶೇ. 5 ಅಂದರೆ 2,250. ಏಜೆಂಟ್ ಕೇಳಿದ್ದು 3,500. ಒಪ್ಪಂದದ ಲಾಭ ಪಡೆಯುವುದಕ್ಕಿಂತ ಸುಂಕ ಕಟ್ಟುವುದೇ ಅಗ್ಗ! ಹತ್ತು ಸಾವಿರ ಅಂಗಿ ಕಳಿಸುವವನಿಗೂ ಆ ಕಾಗದಕ್ಕೆ ಹೆಚ್ಚುಕಡಿಮೆ ಅಷ್ಟೇ ಖರ್ಚು, ಅವನಿಗೆ ಉಳಿಯುವುದು ಎರಡು ಲಕ್ಷದ ಮೇಲೆ. ನಾನು ಸರ್ಟಿಫಿಕೇಟ್ ಕೈಬಿಟ್ಟೆ, ಅವರು ಸುಂಕ ಕಟ್ಟಿ ಬಿಡಿಸಿಕೊಂಡರು. ನಮ್ಮಂಥವರಿಗೆ ಈ ಒಪ್ಪಂದಗಳು ಬಸ್ಸಿನ ಥರ ಇಲ್ಲ, ಬಾಡಿಗೆ ಲಾರಿಯ ಥರ ಇವೆ. ಒಂದು ಗಂಟು ಹಾಕಿದರೂ ಅಷ್ಟೇ ಬಾಡಿಗೆ, ತುಂಬಿಸಿದರೂ ಅಷ್ಟೇ. ಊರಿನ ಹತ್ತು ಯೂನಿಟ್ಟಿನವರು ಒಂದು ಲಾರಿ ಮಾಡಿದ ಹಾಗೆ ಸೇರಿ ಕಳಿಸಬಹುದಿತ್ತು. ಅದನ್ನೂ ಹೇಳಿ ನೋಡಿದೆ. ಒಬ್ಬರು ಬಟ್ಟೆ ರೇಟು ಹೇಳುವುದಿಲ್ಲ, ಇನ್ನೊಬ್ಬರು ಗಿರಾಕಿ ಹೆಸರು ಹೇಳುವುದಿಲ್ಲ. ನಾನೂ ಹೇಳಲಿಲ್ಲ ಬಿಡಿ.

ಇನ್ನು ಬೆಂಗೇರಿ ವಿಷಯ, ಅಲ್ಲೂ ಇಂಥದ್ದೇ ಕಥೆ. ರಾಷ್ಟ್ರಧ್ವಜ ಮಾಡುವ ಖಾದಿ ಸಂಘ ಇರುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರ ಸಂಘ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರಿನಲ್ಲಿ, ಮಷೀನಿನಲ್ಲಿ ಮಾಡಿದ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಕೈಯಲ್ಲಿ ನೂತು ನೇಯ್ದ ಬಾವುಟದ ಪಕ್ಕದಲ್ಲಿ ಸೂರತ್ ಬಾವುಟ ಎಷ್ಟಕ್ಕೆ ಬರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಅಲ್ಲಿಯೂ ಹೊಲಿಯುವವರು ಹೆಚ್ಚಾಗಿ ಹೆಂಗಸರೇ.

ಹಾಗಾದರೆ ನಮ್ಮ ಯೂನಿಟ್ ಹೇಗೆ ನಡೆಯುತ್ತಿದೆ ಅಂತ ಕೇಳುತ್ತೀರಿ. ಎರಡು ಕೆಲಸದಿಂದ. ಒಂದು, ಯೂನಿಫಾರಂ. ಹಾವೇರಿ ಕಡೆಯ ಒಂದು ಸಣ್ಣ ಶಾಲೆಗೆ 27 ಮಕ್ಕಳ ಬಟ್ಟೆ ಬೇಕು. ಅದರಲ್ಲಿ ಒಬ್ಬನಿಗೆ ಹೊಟ್ಟೆ ದಪ್ಪ, ಒಬ್ಬಳಿಗೆ ಕೈ ಉದ್ದ, ನಾಲ್ವರು ಜುಲೈನಲ್ಲಿ ತಡವಾಗಿ ಸೇರುತ್ತಾರೆ. ಆ ಚೌಕುಳಿ ಬಟ್ಟೆ ಬೇರೆ ಎಲ್ಲೂ ಸಿಗಬಾರದು, ಆದರೆ ಮುಂದಿನ ವರ್ಷ ಸಿಗಲೇಬೇಕು. ಇದನ್ನು ಢಾಕಾದವರು ಮಾಡುವುದಿಲ್ಲ, ಸೂರತ್ತಿನವರೂ ಮಾಡುವುದಿಲ್ಲ. ನಮ್ಮ ಕಟಿಂಗ್ ಮಾಸ್ಟರ್ ಕಾಕಾ ಮಾಡುತ್ತಾರೆ, ಬೈದುಕೊಂಡು.

ಇನ್ನೊಂದು ಆಲ್ಟರೇಷನ್. ಇದು ನಾನು ಎಣಿಸಿರದ ಕೆಲಸ. ದೊಡ್ಡ ಅಂಗಡಿಗಳ ಅಂಗಿ ಯಾವುದೋ ದೇಶದ ಮೈಗೆ ಕತ್ತರಿಸಿದ್ದು. ನಮ್ಮ ಗಂಡಸರಿಗೆ ಹೊಟ್ಟೆ ಸರಿಯಾದರೆ ತೋಳು ಉದ್ದ, ತೋಳು ಸರಿಯಾದರೆ ಹೊಟ್ಟೆ ಬಿಗಿ. ಅಂಗಡಿಯಲ್ಲಿ ಸರಿಮಾಡಿ ಕೊಡುವುದಿಲ್ಲ. ಹಾಗಾಗಿ ಶನಿವಾರ ಸಂಜೆ ನಮ್ಮ ಬಾಗಿಲಲ್ಲಿ ಅದೇ ಬ್ಯಾಗುಗಳ ಸಾಲು. ತೋಳಿಗೆ 40, ಪಕ್ಕ ಒಳಗೆ ಹಿಡಿಯಲು 60. ಒಂದು ಮಷೀನನ್ನು ಅದಕ್ಕೇ ಬಿಟ್ಟಿದ್ದೇನೆ. ಅದರ ಮೇಲೆ ಕೂರುವ ಹುಡುಗಿಗೆ ಈಗ ಬಾಂಗ್ಲಾ, ವಿಯೆಟ್ನಾಂ, ಶ್ರೀಲಂಕಾ ಹೊಲಿಗೆಗಳನ್ನು ಬಿಚ್ಚಿ ಬಿಚ್ಚಿ ನೋಡಿ ನಮಗಿಂತ ಚೆನ್ನಾಗಿ ಗೊತ್ತು. ಮೊನ್ನೆ ಅವಳೇ ಹೇಳಿದಳು, "ಅಕ್ಕಾ, ಕಾಲರಿಗೆ ಅವ್ರು ಕ್ಯಾನ್ವಾಸ್ ಅಡ್ಡ ಕತ್ರಸ್ತಾರ, ನಾವು ಉದ್ದ ಕತ್ರಸ್ತೀವಿ. ಅದಕ್ಕ ಗುಳ್ಳಿ ಏಳ್ತಾವು." ಕಾಕಾಗೆ ಹೇಳಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದರು, ಮೂರನೇ ದಿನ ಅಡ್ಡ ಕತ್ತರಿಸಿದರು. ಹೊಸ ಅಂಗಿಗಳ ಕಾಲರ್ ಈಗ ಹನ್ನೆರಡು ಒಗೆತ ದಾಟಿದೆ, ಇನ್ನೂ ಗುಳ್ಳೆ ಇಲ್ಲ. ಒಂದು ಸೆಕೆಂಡ್ ಹ್ಯಾಂಡ್ ಫ್ಯೂಸಿಂಗ್ ಮಷೀನಿಗೂ ಹೇಳಿಟ್ಟಿದ್ದೇನೆ.

ಕೊಳ್ಳುವವರಿಗೆ: ಆಫೀಸಿಗೆ, ದಿನಾ ಒಗೆಯುವುದಕ್ಕೆ, ಸೈಜು ಸರಿಯಾಗಿ ಕೂರುವ ಮೈ ಇದ್ದರೆ ಬಾಂಗ್ಲಾ ಅಂಗಿ ತಗೊಳ್ಳಿ, ಮೋಸ ಇಲ್ಲ. ತಗೊಳ್ಳುವ ಮೊದಲು ಒಳಗಿನ ಸ್ಟಿಕ್ಕರ್ ಓದಿ, ಯಾವ ದೇಶದ್ದು ಅಂತ ಬರೆದಿರಲೇಬೇಕು. 340ರದ್ದು ಬೇಡ. ಒಂದು ದಿನದ ಜಾತ್ರೆಗೆ, ಬಣ್ಣದ ಹಬ್ಬಕ್ಕೆ ಆದರೆ ಇರಲಿ. ಬಿಸಿಲಿಗೆ ಒಳ್ಳೆಯ ಕಾಟನ್ ಬೇಕು, ಮೈ ಅಳತೆಗೆ ಕೂರಬೇಕು ಅಂದರೆ ಊರಲ್ಲಿ ಹೊಲಿಸಿ. ನಮ್ಮಲ್ಲೇ ಆಗಬೇಕೆಂದಿಲ್ಲ, ನಿಮ್ಮ ಓಣಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹೊಲಿಸುವಾಗ ಕಾಲರಿನ ಕ್ಯಾನ್ವಾಸ್ ಹೇಗೆ ಕತ್ತರಿಸುತ್ತೀರಿ ಅಂತ ಕೇಳಿ, ಮುಖ ಊದಿಸಿಕೊಂಡರೆ ಸರಿಯಾದ ಪ್ರಶ್ನೆ ಕೇಳಿದ್ದೀರಿ ಅಂತ ಅರ್ಥ.

ಕಳೆದ ಭಾನುವಾರ ತಮ್ಮನಿಗೆ ಗದಗಿನಲ್ಲಿ ಹೆಣ್ಣು ನೋಡುವ ಕಾರ್ಯಕ್ರಮ ಇತ್ತು. ಬೆಳಿಗ್ಗೆ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದ. ನಾನು ಅಡುಗೆ ಮನೆಯಿಂದಲೇ ನೋಡುತ್ತಿದ್ದೆ, ಏನೂ ಹೇಳಲಿಲ್ಲ. ಕೊನೆಗೆ ಬಾಂಗ್ಲಾ ಅಂಗಿ ಹಿಡಿದುಕೊಂಡು ಬಂದು, "ಅಕ್ಕಾ, ತೋಳ ಒಂದ್ ಇಂಚು ಕಡಿಮಿ ಮಾಡಿ ಕೊಡ್ತೀ?" ಅಂದ. ಮಾಡಿಕೊಟ್ಟೆ. 40 ರೂಪಾಯಿ ಇನ್ನೂ ಬಂದಿಲ್ಲ.